ನಕ್ಕೊ ಅಂದ್ರ ನಕ್ಕಾಳ ಅಂದ್ರು

ಡಿಸೆಂಬರ್ ಮುಗಿಯಾಕ ಬಂದ್ರ ಸಾಕು, ಮಂದಿ ಫೋನಿನ್ಯಾಗ ಸ್ಟೇಟಸ್ ಹಾಕಾಕ ಶುರು ಮಾಡ್ತಾರ. ಹಿಂದ ಸೂರ್ಯ ಮುಳುಗೂ ಫೋಟೋ, ಮುಂದ ಬಣ್ಣದ ಅಕ್ಷರ: 'ಈ ವರ್ಷ ನನಗೆ ಬಹಳ ಕಲಿಸಿತು.' ಹದಿನಾಲ್ಕು ವರ್ಷ ಮಾಸ್ತರಿಕಿ ಮಾಡಿದಾಕಿ ನಾನು, ಕಲಿಸೂದು ಅಂದ್ರ ಏನಂತ ನನಗ ಕೇಳ್ರಿ. ವರ್ಷ ಯಾರಿಗೂ ಏನೂ ಕಲ್ಸೂದಿಲ್ಲ. ಹಾಜರಿ ತಗೋತೈತಿ, ಬೆಲ್ ಹೊಡೀತೈತಿ, ಎದ್ದು ಹೋಗತೈತಿ. ಕಲಿಯೂದು ಬಿಡೂದು ನಮ್ಮ ನಮ್ಮ ಹಣೇಬರ.

ಆದ್ರೂ ಹೋದ ವರ್ಷದ ಬಗ್ಗೆ ನಾಲ್ಕು ಮಾತು ಬರೀಲಿಲ್ಲಂದ್ರ ನನ್ನ ಹೊಟ್ಟಿ ಉಬ್ಬಿ ಒಡೀತೈತಿ. ಒಂದೇ ವರ್ಷದಾಗ ನನ್ನ ನೌಕರಿ ಹೋತು, ಇನ್ನೊಂದು ನೌಕರಿ ಸಿಕ್ತು, ಸಿಕ್ಕ ನೌಕರಿ ಕಸ್ಗೊಳ್ಳಾಕ ಒಂದು ಲಗ್ನ ಬಂತು. ಆ ಲಗ್ನ ಗಟ್ಟಿ ಆಗಿದ್ದು ಒಂದೇ ಒಂದು ಶಬ್ದದ ದೆಸೆಯಿಂದ. ಅದೂ ನನ್ನ ಬಾಯಾಗಿಂದ ಬಂದ ಶಬ್ದ.

ಲಿಂಗಸುಗೂರಾಗ ನಮ್ಮದು ಇಬ್ಬರ ಮನಿ, ನಾನು ಮತ್ತ ನಮ್ಮ ಅಮ್ಮಿ. ಅಬ್ಬಾ ತೀರಿ ಆರು ವರ್ಷ ಆತು. ಹೊಸ್ತಿಲ ಒಳಗ ದಖನಿ ಉರ್ದು, ಹೊಸ್ತಿಲ ದಾಟಿದ್ರ ಕನ್ನಡ, ಹುಟ್ಟಿದಾಗಿಂದ ಹಂಗ. ನಾನು ಓದಿದ್ದು ಕನ್ನಡ, ಸಾಲ್ಯಾಗ ಕಲಿಸಿದ್ದೂ ಕನ್ನಡ. ತಪಾಸಣಿಗೆ ಬಂದ ಸಾಹೇಬ್ರು ಒಮ್ಮೆ ನನ್ನ ಬುರ್ಕಾ ನೋಡಿ, ಒಮ್ಮೆ ಹಲಗಿ ಮ್ಯಾಲಿನ ವ್ಯಾಕರಣ ನೋಡಿ, 'ಪರವಾಗಿಲ್ಲ ಮೇಡಂ, ಕನ್ನಡ ಚಲೋ ಮಾತಾಡ್ತೀರಿ' ಅಂತಿದ್ರು. 'ನೀವೂ ಚಲೋನ ಮಾತಾಡ್ತೀರಿ ಸರ್' ಅಂತಿದ್ದೆ. ಹೆಡ್ ಮಾಸ್ತರು ಅವರ ಹಿಂದ ನಿಂತು ಕಣ್ಣಿಲೇ ನನಗ ಕೈ ಮುಗೀತಿದ್ರು.

ಏಳನೆತ್ತಾದಾಗ, ಅಂದ್ರ ಏಳನೇ ಕ್ಲಾಸಿನ್ಯಾಗ, ಒಂದು ಪಾಠ ಪ್ರತಿ ವರ್ಷ ನನ್ನ ಗೋಳು ಹೊಯ್ಕೋತಿತ್ತು. 'ನಗು' ಅನ್ನೂ ಧಾತುವಿನ ಭೂತಕಾಲ: ನಕ್ಕನು, ನಕ್ಕಳು, ನಕ್ಕರು. ಹಲಗಿ ಮ್ಯಾಲ ಬರದು ಈ ಕಡೆ ತಿರುಗೂದ್ರಾಗ ಹಿಂದಿನ ಬೆಂಚಿನ ನಮ್ಮ ಮಂದಿ ಮಕ್ಕಳು ಬಾಯಿ ಮುಚ್ಚಿಕೊಂಡು ಕಿಸಿ ಕಿಸಿ ಅಂತಿದ್ದುವು. ಯಾಕಂದ್ರ ದಖನಿಯಾಗ 'ನಕ್ಕೊ' ಅಂದ್ರ ಬ್ಯಾಡ. ಊಟ ನಕ್ಕೊ, ಜಗಳ ನಕ್ಕೊ, ಸಾಲಿ ಅಂತೂ ನಕ್ಕೋನ ನಕ್ಕೊ. ಒಬ್ಬಾಕಿ ಎದ್ದು ನಿಂತು ಕೇಳೇಬಿಟ್ಲು: 'ಟೀಚರ್, ಆಕಿ ಬ್ಯಾಡಂದ್ಲೋ, ನಕ್ಕಳೋ?' ಇಡೀ ಕ್ಲಾಸ್ ನಕ್ಕಿತು, ನಾನೂ ನಕ್ಕೆ. ಆ ಪ್ರಶ್ನೆ ಮುಂದ ನನ್ನ ಕುತ್ತಿಗಿಗೇ ಬರ್ತೈತಿ ಅಂತ ಯಾರಿಗೆ ಗೊತ್ತಿತ್ತು!

ಹೋದ ಏಪ್ರಿಲ್‌ದಾಗ ಸಾಲಿ ಮುಚ್ಚಿತು. ಮುಚ್ಚಿತು ಅಂದ್ರ ಆಡಳಿತ ಮಂಡಳಿಯವ್ರಿಗೆ ಸಿಟ್ಟು ಬರ್ತೈತಿ, 'ಮೇಲ್ದರ್ಜೆಗೇರಿತು' ಅನ್ನಬೇಕಂತ. ಕನ್ನಡದ ಬೋರ್ಡ್ ಇಳೀತು, ಇಂಗ್ಲಿಷ್ ಬೋರ್ಡ್ ಏರಿತು, ಅದರ ಬಾಲಕ್ಕ 'ಇಂಟರ್‌ನ್ಯಾಷನಲ್' ಅಂತ ಒಂದು ಶಬ್ದ ಹತ್ತಿತು. ಸಾಲಿ ಮುಂದಿನ ಗಟಾರ ಮಾತ್ರ ಲಿಂಗಸುಗೂರಿಂದೇ ಉಳೀತು. ನನ್ನ ಕರದು ಕೂಡ್ಸಿ, 'ಮೇಡಂ, ಇನ್ನ ಮ್ಯಾಲ ಕನ್ನಡ ವಾರಕ್ಕ ಎರಡೇ ಪೀರಿಯಡ್. ಉಳದ ಹೊತ್ತಿನ್ಯಾಗ ನೀವು ಸಣ್ಣ ಮಕ್ಕಳಿಗೆ ಇಂಗ್ಲಿಷ್ ಹಾಡು ಕುಣದು ಹೇಳ್ಕೊಡ್ತೀರೇನು?' ಅಂತ ಕೇಳಿದ್ರು. ಮೂವತ್ತೊಂಬತ್ತನೇ ವಯಸ್ಸಿಗೆ ನಾನು ಎರಡು ಕೈ ಕಿವಿ ಮಾಡ್ಕೊಂಡು ಮೊಲದಂಗ ಜಿಗೀಬೇಕಂತ. 'ಜಿಗಿಯಾಕ ನನ್ನ ಮೊಣಕಾಲು ಒಪ್ಪೂದಿಲ್ರಿ. ಮೊಣಕಾಲು ಒಪ್ಪಿದ್ರೂ ನಾ ಒಪ್ಪೂದಿಲ್ಲ' ಅಂದೆ. ಮುಂದಿನ ವಾರ ಶಾಲು ಹೊದಿಸಿದ್ರು, ಹಣ್ಣಿನ ಬುಟ್ಟಿ ಕೊಟ್ರು, ಒಂದು ಗ್ವಾಡಿ ಗಡಿಯಾರ ಕೊಟ್ರು. ನಮ್ಮ ಕಡೆ ಶಾಲು ಹೊದಿಸಿದ್ರ ತಿಳ್ಕೋಬೇಕು, ಇನ್ನ ಈ ಮನುಷ್ಯಾರನ್ನ ಕರಿಯೂದಿಲ್ಲ ಅಂತ. ಗಡಿಯಾರ ಮನಿಗೆ ಬಂದು ಎರಡು ದಿನಕ್ಕ ನಿಂತಿತು. ಅಮ್ಮಿ ಅದನ್ನ ಇನ್ನೂ ಗ್ವಾಡಿ ಮ್ಯಾಲೇ ಇಟ್ಟಾಳ. ಅದರಾಗ ಯಾವಾಗ ನೋಡಿದ್ರೂ ನಾಲ್ಕೂವರಿ, ಸಾಲಿ ಬಿಡೂ ಹೊತ್ತು.

ಬ್ಯಾಸಿಗಿ, ಮಳಿಗಾಲ ಎರಡೂ ಮನ್ಯಾಗ ಕುಂತೆ. ಮನ್ಯಾಗ ಕುಂತ ಮೂವತ್ತೊಂಬತ್ತರ ಹೆಂಗಸು ಅಂದ್ರ ಓಣಿಗೆ ಒಂದು ಉದ್ಯೋಗ ಸಿಕ್ಕಂಗ. ಅದರಾಗ ಮುಂದಾಳತ್ವ ನಮ್ಮ ಬಾಜೂಮನಿ ದೊಡ್ಡವ್ವಂದು. ರಕ್ತ ಸಂಬಂಧ ಅಲ್ಲ, ಆದ್ರ ನಾನು ಹುಟ್ಟಿದಾಗ ಮೊದ್ಲು ಎತ್ತಿಕೊಂಡಾಕಿ ಆಕೀನ. ನಮ್ಮ ರಂಜಾನಿಗೆ ಸುರಕುಂಬಾ ಕುಡದು, ತಮ್ಮ ಪಂಚಮಿಗೆ ನಮಗ ಉಂಡಿ ಕಳಿಸೂ ಹೆಣಮಗಳು. ಮನಸು ಬಂಗಾರ. ಕಿವಿ ಮಾತ್ರ ಬಲಗಡಿದು ಕೇಳೂದಿಲ್ಲ, ಎಡಗಡಿದು ತನಗ ಬೇಕಾದ್ದಷ್ಟ ಕೇಳತೈತಿ. 'ಹುಡುಗಿಗೆ ಒಂದು ನೆಲಿ ಮಾಡೂಣ' ಅಂತ ಅಮ್ಮಿ ಮುಂದ ದಿನಾ ಕುಂದ್ರತಿದ್ಲು. ಹುಡುಗಿ ಅಂದ್ರ ನಾನು. ತಲ್ಯಾಗ ಬಿಳೇ ಕೂದಲ ಬಂದ ಮ್ಯಾಲೂ ಲಗ್ನ ಆಗದಾಕಿ ನಮ್ಮ ಓಣ್ಯಾಗ ಹುಡುಗೀನ.

ಅಷ್ಟರಾಗ ಸಿಂಧನೂರಿಂದ ನನ್ನ ಹಳೇ ವಿದ್ಯಾರ್ಥಿನಿ ಒಬ್ಬಾಕಿ ಫೋನ್ ಮಾಡಿದ್ಲು. ಆಕಿ ಅಲ್ಲೊಂದು ರೈಸ್ ಮಿಲ್ಲಿನ್ಯಾಗ ಕೆಲಸಕ್ಕಿದ್ಲು, ಹೆರಿಗಿ ಆದ ಮ್ಯಾಲ ಗಂಡನ ಊರಿಗೆ ಹೊಂಟಿದ್ಲು. 'ಟೀಚರ್, ನಮ್ಮ ಕಾಟಾಕ್ಕ ಒಬ್ರು ಬೇಕಾಗ್ಯಾರ್ರಿ' ಅಂದ್ಲು. ಕಾಟಾ ಅಂದ್ರ ಲಾರಿಗೆ ಲಾರಿನ ತೂಗೂ ತಕ್ಕಡಿ. ನೆಲಕ್ಕ ಹಾಸಿದ ದೊಡ್ಡ ಕಬ್ಬಿಣದ ಹಲಗಿ, ಬಾಜೂಕ ಗ್ಲಾಸಿನ ಖೋಲಿ, ಖೋಲ್ಯಾಗ ಒಂದು ಕಂಪ್ಯೂಟರ್, ಅದರ ಮುಂದ ಒಂದು ತಿರುಗೂ ಕುರ್ಚಿ.

ಮಿಲ್ಲಿನ ಸಾಹುಕಾರ್ರು ಆಂಧ್ರದಿಂದ ಬಂದು ಕ್ಯಾಂಪ್ ಕಟ್ಟಿ ನೆಲಸಿದ ತೆಲುಗು ಮಂದಿ. ನಮ್ಮ ಕನ್ನಡದಾಗ ಅವರ ತೆಲುಗು ಕಲಸಿ ಮಾತಾಡ್ತಾರ. ನನ್ನ ಸರ್ಟಿಫಿಕೇಟು ತಿರುವಿ ನೋಡಿ, 'ಟೀಚರಮ್ಮಾ, ಡ್ರೈವರ್‌ಗಳ ಕೂಡ ಮಾತಾಡಾಕ ಆಗ್ತದಾ? ವಾಳ್ಳು ಬಾಳ ಗಲಾಟಾ' ಅಂದ್ರು. 'ಏಳನೆತ್ತಾದಾಗ ಐವತ್ತೆರಡು ಮಂದಿ ಇದ್ರು ಸರ್' ಅಂದೆ. ಅವರು ಸರ್ಟಿಫಿಕೇಟು ಮುಚ್ಚಿ, 'ಸರೇ, ಸೋಮವಾರಂ ಬಾ' ಅಂದ್ರು.

ಹಿಂಗ ನಾನು ದಿನಾ ಮುಂಜಾನೆ ಲಿಂಗಸುಗೂರಾಗ ಬಸ್ ಹತ್ತಿ, ಮಸ್ಕಿ ಮ್ಯಾಲ ಹಾದು, ಸಿಂಧನೂರಾಗ ಇಳಿಯಾಕಿ ಆದೆ. ಹೆಂಗಸರಿಗೆ ಬಸ್ ಫುಕ್ಕಟ ಆದ ಮ್ಯಾಲ ಕಂಡಕ್ಟರ್ ನಮ್ಮನ್ನ ನೋಡೂ ನೋಟಾನ ಬ್ಯಾರೆ. ಅವನ ಮನಿ ಜ್ವಾಳದ ಚೀಲದ ಮ್ಯಾಲ ನಾವು ಕುಂತಂಗ ನೋಡ್ತಾನ. ಮಸ್ಕಿ ತನಕ ಜ್ವಾಳ, ತೊಗರಿ, ಹತ್ತಿ. ಮಸ್ಕಿ ದಾಟಿ ಕಾಲುವಿ ಬಂತಂದ್ರ ಕಣ್ಣು ಹಾಯೂತನಕ ಭತ್ತ. ಜನರ ಮಾತೂ ಬದಲಾಗತೈತಿ. ಹತ್ತುವಾಗ 'ಸರೀರಿ ಯಕ್ಕಾ' ಅಂತಿದ್ದವ್ರು, ಇಳಿಯುವಾಗ 'ಜರುಗಮ್ಮಾ' ಅಂತಾರ. ಎರಡಕ್ಕೂ ಅರ್ಥ ಒಂದೇ.

ಮೊದಲನೇ ವಾರನ ಕಾಟಾದ ಗುಟ್ಟು ನನಗ ತಿಳೀತು. ಭತ್ತದ ಲಾರಿ ಬಂದ್ರ ಮೊದ್ಲು ಲೋಡ್ ಸಮೇತ ತೂಗಬೇಕು, ಇಳಿಸಿದ ಮ್ಯಾಲ ಖಾಲಿ ಲಾರಿ ತೂಗಬೇಕು, ಅದನ್ನ ಇದರಾಗ ಕಳೀಬೇಕು. ಮುಕ್ಕುಂದಾದಿಂದ ಒಂದು ಲಾರಿ ಬಂತು. ಲೋಡ್ ತೂಗುವಾಗ ಕ್ಯಾಬಿನ್ಯಾಗ ನಾಲ್ಕು ಮಂದಿ ಕಾಲ ಮ್ಯಾಲ ಕಾಲ ಹಾಕ್ಕೊಂಡು ಕುಂತಿದ್ರು. ಖಾಲಿ ತೂಗಾಕ ಬಂದಾಗ ಡ್ರೈವರ್ ಸೈತ ಕೆಳಗ ಇಳದು ಬೀಡಿ ಸೇದಾಕತ್ತಿದ್ದ. ಅಂದ್ರ ನಾಲ್ಕು ಗಂಡಸರು ಭತ್ತ ಆಗಿ ಮಾರಾಟ ಆಗಿದ್ರು. ನಾನು ಖೋಲಿ ಬಾಗಿಲು ತೆಗದು ಹೊರಗ ಬಂದೆ.

'ಏ ತಮ್ಮಾ, ಇಲ್ಲಿ ಬಾ. ನೀ ಸೋನಾ ಮಸೂರಿನೋ, ದಪ್ಪ ಭತ್ತಾನೋ?'

'ಯಾಕ್ರೀ ಮೇಡಂ?'

'ಚೀಟ್ಯಾಗ ಬರೀಬೇಕಲ್ಲ. ಹಸಿ ಎಷ್ಟೈತಿ ಅಂತನೂ ನೋಡಬೇಕು.'

ಹಮಾಲರು ಹೊಟ್ಟಿ ಹಿಡ್ಕೊಂಡು ನಕ್ಕರು. ಅವಾ ಸುಮ್ನ ಉಳದ ಮೂರೂ ಮಂದೀನ ಕರಕೊಂಡು ಹೋಗಿ ಮತ್ತ ಲಾರ್ಯಾಗ ಕುಂತ. ಆವತ್ತಿನಿಂದ ನನ್ನ ಹೆಸರು 'ಕಾಟಾ ಟೀಚರ್'. ನಾನು ಬಾಗಿಲಿಗೆ ಬಂದು ಬರೇ ನಿಂತ್ರ ಸಾಕು, ಲಾರ್ಯಾಗಿನ ಮಂದಿ ತಾವೇ ಇಳದು ಸಾಲು ನಿಲ್ತಾರ.

ಒಂದು ಮಾತು ಖರೇ ಹೇಳ್ತೀನಿ. ಆ ಖೋಲ್ಯಾಗ ನನಗ ಭಾಳ ಸುಖಾ ಅನಿಸ್ತಿತ್ತು. ಹದಿನಾಲ್ಕು ವರ್ಷ ನಿಂತು ದುಡದಾಕಿ, ಈಗ ಕುಂತು ದುಡೀತಿದ್ದೆ. ನಾನು ಹೇಳಿದ್ದು ಅಲ್ಲಿ ನಡೀತಿತ್ತು. ಇಷ್ಟು ತೂಕ ಅಂದ್ರ ಇಷ್ಟ, ಸಾಹುಕಾರ್ರು ಬಂದ್ರೂ ಅಷ್ಟ. ಸಾಲ್ಯಾಗ ನಾನು ತಪ್ಪು ಅಂತ ಹಾಕಿದ್ದನ್ನ ಆಡಳಿತ ಮಂಡಳಿಯವರ ಮೊಮ್ಮಗ ಅಂತ ಸರಿ ಮಾಡ್ಸತಿದ್ರು. ಇಲ್ಲಿ ನನ್ನ ಮಾತನ್ನ ಯಾರೂ ತಿದ್ದತಿದ್ದಿಲ್ಲ. ಮಧ್ಯಾಹ್ನ ಬುತ್ತಿ ಬಿಚ್ಚಿ, ಕುರ್ಚಿ ಒಂದು ಸುತ್ತು ತಿರುಗ್ಸಿ, ರೊಟ್ಟಿ ತಿಂತಿದ್ದೆ.

ಲಗ್ನ ಬಂದಿದ್ದು ಆವಾಗ, ಭತ್ತದ ಸೀಜನ್ನಿನ ನಡುವ. ವರ ಮಸ್ಕಿಯಾವ. ಬಸ್ ಸ್ಟ್ಯಾಂಡ್ ಎದುರಿಗೆ ಟ್ರ್ಯಾಕ್ಟರ್ ಸಾಮಾನಿನ ಅಂಗಡಿ, ಮೊದಲ ಹೆಂಡತಿ ತೀರಿ ಹೋಗ್ಯಾಳ, ಮಕ್ಕಳು ದೊಡ್ಡವು. ದೊಡ್ಡವ್ವ ಬಂದು ಅಮ್ಮಿಗೆ ಲೆಕ್ಕ ಒಪ್ಪಿಸಿದ್ಲು: 'ಮಸ್ಕಿ ಅಂದ್ರ ಬರೋಬ್ಬರಿ ನಡುವ ಐತಿ ನೋಡವ್ವಾ. ಈ ಕಡೆ ತವರುಮನಿ, ಆ ಕಡೆ ನೌಕರಿ. ಇಂಥಾದ್ದು ಹುಡುಕಿದ್ರೂ ಸಿಗೂದಿಲ್ಲ.' ನನಗೂ ಒಂದು ಗಳಿಗಿ ಹೌದಲ್ಲ ಅನಿಸ್ತು. ವರನ ಅಕ್ಕ, ಎಲ್ಲಾರೂ ಆಪಾ ಅಂತ ಕರೀತಾರ, ನೋಡಾಕ ಬಂದಾಗ ಆ ಮಾತು ತೆಗದೆ. ಆಪಾ ನಕ್ಕೋತ, 'ಮಸ್ಕಿ ತನಕ ಬಂದ ಮ್ಯಾಲ ಸಿಂಧನೂರಿಗೆ ಯಾಕ ಹೋಗಬೇಕಮ್ಮಾ?' ಅಂದ್ಲು. 'ಡ್ರೈವರ್ ಮಂದಿ ನಡುವ ಕುಂದ್ರೂದು ನಮ್ಮ ಮನೆತನಕ್ಕ ಒಪ್ಪೂದಿಲ್ಲ. ಬಿಡ್ತಾಳಲ್ಲ?' ಕೇಳಿದ್ದು ನನ್ನ ಬಗ್ಗೆ, ಕೇಳಿದ್ದು ದೊಡ್ಡವ್ವಗ. 'ಬಿಡ್ತಾಳ ಬಿಡ್ರಿ' ಅಂದ್ಲು ದೊಡ್ಡವ್ವ, ಹಳೇ ಚಪ್ಪಲಿ ಬಿಡೂ ಮಾತು ಅನ್ನೂವಂಗ.

ವರ ಕೆಟ್ಟ ಮನುಷ್ಯಾ ಅಲ್ಲ, ಹಂಗ ಹೇಳಿದ್ರ ನನ್ನ ಬಾಯಿಗೆ ಹುಳ ಬೀಳ್ತಾವು. ತಲಿ ತಗ್ಗಿಸಿ ಕುಂತಿದ್ದ, ಬಿಸ್ಕೀಟು ಛಾದಾಗ ಅದ್ದಿದಾಗ ಮುರದು ಬಿತ್ತು, ಅದನ್ನ ಚಮಚದಿಂದ ಹುಡುಕಿ ತೆಗಿಯೂದ್ರಾಗ ಅವನ ವಧು ಪರೀಕ್ಷಾ ಮುಗೀತು.

ನಮ್ಮಲ್ಲಿ ಹೆಣ್ಣಿನ ಒಪ್ಪಿಗಿ ಭಾಳ ಮುಖ್ಯ. ಕೇಳದ ಮುಂದ ಹೋಗೂದಿಲ್ಲ. ಆಕಿ ಸುಮ್ನಿದ್ರ ನಾಚಿಗಿ, ಅಂದ್ರ ಹೌದು. ಅತ್ರ ತವರಿನ ಮಾಯಾ, ಅಂದ್ರ ಹೌದು. ನಕ್ರ ಅಂತೂ ಹೌದ ಹೌದು, ಸಕ್ರಿ ತರ್ರಿ. ಎದ್ದು ಓಡಿದ್ರೂ 'ನಾಚಕೊಂಡು ಓಡಿದ್ಲು' ಅಂತಾರ. ಬ್ಯಾಡ ಅನ್ನಾಕ ಉಳಿಯೂದು ಒಂದೇ ಹಾದಿ, ಬಾಯಿ ಬಿಟ್ಟು ಅನ್ನೂದು. ಹಡದಾಕಿ ಕೇಳಿದ್ರ ಹುಡುಗಿ ಸಂಕೋಚ ಪಡ್ತಾಳಂತ ಹೊರಗಿನ ಹಿರೇ ಹೆಂಗಸು ಕೇಳೂದು ನಮ್ಮ ಓಣಿ ರಿವಾಜು. ಹಂಗಾಗಿ ದೊಡ್ಡವ್ವ ನನ್ನ ಹಿಂದಿಂದ ಅಡಿಗಿಮನಿಗೆ ಬಂದ್ಲು. ಅಮ್ಮಿ ಅಲ್ಲೇ ಪರದಾದ ಆ ಕಡೆ ನಿಂತು ಛಾ ಸೋಸಾಕತ್ತಿದ್ಲು.

'ಏನವ್ವಾ? ಹೂಂ ಅಂತ ಹೇಳ್ಲೇನು?'

'ನಕ್ಕೊ' ಅಂದೆ.

ಕನ್ನಡ ಕಲಿಸಿದಾಕಿ ನಾನು, 'ಬ್ಯಾಡ' ಅನ್ನಬೇಕಿತ್ತು. ಅಂದಿದ್ರ ಇದನ್ನೆಲ್ಲಾ ಬರಿಯೂ ಪಾಳೇನ ಬರ್ತಿದ್ದಿಲ್ಲ. ಆದ್ರ ಹೊಟ್ಟ್ಯಾಗಿಂದ ಎದ್ದು ಬರೂ ಮಾತು ಮೊಲಿಹಾಲಿನ ಭಾಷಾದಾಗೇ ಬರ್ತೈತಿ, ಯಾವ ವ್ಯಾಕರಣನೂ ಅದನ್ನ ತಡಿಯೂದಿಲ್ಲ. ದೊಡ್ಡವ್ವನ ಮಾರಿ ಅರಳಿತು. ಸೆರಗು ಸರಿ ಮಾಡ್ಕೊಂಡು ಹೊರಗ ಹೋಗಿ, ನಾಲ್ಕು ಮನಿಗೆ ಕೇಳೂವಂಗ ಅಂದ್ಲು: 'ನಕ್ಕಾಳ! ಹುಡುಗಿ ನಕ್ಕಾಳ್ರೀ!'

ಲಿಂಗಸುಗೂರಾಗ ಕಾಯಿಪಲ್ಲೆ ಮಾರಾಕಿಗೂ ನಕ್ಕೊ ಅಂದ್ರ ಏನಂತ ಗೊತ್ತೈತಿ. ದೊಡ್ಡವ್ವಗೂ ಗೊತ್ತೈತಿ, 'ಇನ್ನೊಂದು ಉಂಡಿ ತಗೋ ದೊಡ್ಡವ್ವಾ' ಅಂದ್ರ ಆಕೀನ ಎಷ್ಟೋ ಸಲ 'ನಕ್ಕೊ ನಕ್ಕೊ' ಅಂದಾಳ. ಆದ್ರ ನೋಡಾಕ ಬಂದ ಮಂದಿ ಮುಂದ, ಹುಡುಗಿ ಬಾಯಾಗಿಂದ ಆ ಶಬ್ದ ಬಂದ್ರ ಅದು ಕನ್ನಡ ಆಗಿಬಿಡತೈತಿ.

ಹೊರಗ ಹೋಗಿ ಹೇಳಬೇಕಿತ್ತು ಅಂತ ನೀವಂತೀರಿ. ಹೋದ್ನಲ್ಲ! ಬಾಗಿಲ ತನಕ ಹೋಗಿ ಬಾಯಿ ತೆಗದೆ. ತೆಗದ ಬಾಯಿಗೆ ಆಪಾ ಒಂದು ಹಿಡಿ ಸಕ್ರಿ ಹಾಕಿದ್ಲು. ಬಾಯಿ ತುಂಬ ಸಕ್ರಿ ಇದ್ದಾಗ ಯಾವ ಭಾಷಾದಾಗೂ ಬ್ಯಾಡ ಅನ್ನಾಕ ಬರೂದಿಲ್ಲ, ಬೇಕಾದ್ರ ಮಾಡಿ ನೋಡ್ರಿ. ನುಂಗೂದ್ರಾಗ ಅವರು ಚಪ್ಪಲಿ ಮೆಟ್ಟಿದ್ರು.

ಮರುದಿನ ದೊಡ್ಡವ್ವನ ಮನಿಗೆ ಹೋದೆ. 'ದೊಡ್ಡವ್ವಾ, ನಾ ನಕ್ಕೊ ಅಂದೀನಿ.'

'ಹೌದವ್ವಾ, ನಕ್ಕಿ. ನಾನ ಕಣ್ಣಾರೆ ನೋಡೀನಲ್ಲ.'

'ಅಲ್ಲಬೇ, ನಾ ನಕ್ಕಿಲ್ಲ!'

'ನಕ್ಕಿಲ್ಲ ಅನಬ್ಯಾಡ, ನಕ್ರ ತಪ್ಪೇನೈತಿ? ನಾನೂ ನನ್ನ ಲಗ್ನದಾಗ ನಕ್ಕಿದ್ದೆ. ಆಮ್ಯಾಲ ನಲವತ್ತು ವರ್ಷ ನಗಲಿಲ್ಲ, ಅದು ಬ್ಯಾರೆ ಮಾತು.'

'ನನಗ ಈ ಲಗ್ನ ಬ್ಯಾಡ' ಅಂತ ಎಡಗಿವಿಗೆ ಬಾಯಿ ಹಚ್ಚಿ ಚೀರಿದೆ. 'ಆತವ್ವಾ, ಶುಕ್ರವಾರ ಬ್ಯಾಡಂದ್ರ ಐತವಾರ ಇಟ್ಟುಕೊಳ್ಳೂಣು' ಅಂದ್ಲು. ಆಪಾಗ ಫೋನ್ ಮಾಡಿದೆ. 'ಎಲ್ಲಾ ಹೆಣ್ಣುಮಕ್ಕಳೂ ಮೊದ್ಲು ಹಂಗ ಅಂತಾರಮ್ಮಾ, ಅಂಗಿ ಅಳತಿ ಕಳಸು' ಅಂದ್ಲು. ಜನವರಿಯಾಗ ಭತ್ತದ ಸೀಜನ್ ಮುಗದ ಕೂಡ್ಲೆ ನಿಕಾಹ್ ಅಂತ ಗೊತ್ತಾತು. ಯಾವ ಡ್ರೈವರ್ ಬಾಯಿಂದ ಹೋತೋ ಏನೋ, ಸಾಹುಕಾರ್ರ ಕಿವಿಗೂ ಸುದ್ದಿ ಮುಟ್ಟಿತು. 'ಶುಭಂ ಟೀಚರಮ್ಮಾ' ಅಂತ ಒಂದು ಮಿಠಾಯಿ ಡಬ್ಬಿ ಕೊಟ್ಟು, ಕಾಟಾಕ್ಕ ಬ್ಯಾರೆ ಒಬ್ಬಾಕಿನ್ನ ಗೊತ್ತು ಮಾಡಿದ್ರು. ಒಂದನೇ ತಾರೀಖಿನಿಂದ ಆಕಿ ಬರಾಕಿ. ನಾನು ಕುರ್ಚಿ ಎತ್ತರ ಆಕಿಗೆ ಹೆಂಗ ಸರಿ ಮಾಡಬೇಕಂತ ತೋರಿಸಬೇಕಂತ. ಹದಿನೈದು ದಿನ ಉಳದಿದ್ದುವು.

ನನಗ ಅಂಜಿಕಿ ಬಂದಿದ್ದು ಆವಾಗ. ಅಲ್ಲೀತನಕ ಇದೊಂದು ತಮಾಷಾ, ನಾಳೆ ಸರಿ ಆಕೈತಿ ಅಂದ್ಕೊಂಡಿದ್ದೆ. ಇಡೀ ಲಾರಿ ನಿಲ್ಲಿಸಿ ಡ್ರೈವರನ್ನ ಇಳಿಸೂ ನನಗ ನನ್ನ ಒಂದು ಮಾತು ಮೂರು ಊರಾಗ ಯಾರಿಗೂ ಕೇಳ್ಸಾಕ ಆಗವಲ್ದಾಗಿತ್ತು. ಎಲ್ಲಾರೂ ಮಾತಾಡಾಕತ್ತಿದ್ರು, ಅಮ್ಮಿ ಒಬ್ಬಾಕಿ ಮಾತ್ರ ಬಾಯಿ ಬಿಡ್ತಿದ್ದಿಲ್ಲ. ಹೂಂ ಅನ್ನಲಿಲ್ಲ, ಬ್ಯಾಡ ಅನ್ನಲಿಲ್ಲ. ನಿಂತ ಗಡಿಯಾರ ಒರಸ್ಕೋತ ಓಡಾಡ್ತಿದ್ಲು.

ಒಂದಿನ ಕೆಲಸದಿಂದ ಬಂದಾಗ ಅಂಗಳದಾಗ ಕುಂತು ಅಕ್ಕಿ ಹಸನ ಮಾಡಾಕತ್ತಿದ್ಲು. ನಾನೇ ಮಿಲ್ಲಿಂದ ತಂದಿದ್ದ ಅಕ್ಕಿ. ಎದುರಿಗೆ ಕುಂತೆ.

'ಅಮ್ಮಿ, ಆವತ್ತು ನೀ ಪರದಾದ ಹಿಂದ ಇದ್ದಿ. ನಾ ಅಂದಿದ್ದು ನಿನಗ ಕೇಳ್ಸಿತ್ತೇನು?'

ಅಮ್ಮಿ ಮೊರದಾಗಿನ ಹಳ್ಳು ಆರಿಸಿ ಒಗದ್ಲು. 'ಕೇಳ್ಸಿತ್ತು.'

ದೊಡ್ಡವ್ವನ ಕಿವಿ ಮ್ಯಾಲ ಸಿಟ್ಟು ಮಾಡಿ ಮಾಡಿ ಸಾಕಾಗಿತ್ತು ನನಗ. ಎರಡೂ ಕಿವಿ ಚಲೋ ಇದ್ದಾಕಿ ನನ್ನ ಮನ್ಯಾಗೇ ಇದ್ಲು. 'ಮತ್ತ ಸುಮ್ನ ಯಾಕಿದ್ದಿ? ನಾ ಏನು ನಿನಗ ಭಾರ ಆಗೀನೇನು? ದುಡದು ತಂದು ಹಾಕಾಕತ್ತೀನಿ, ಇನ್ನೇನು ಮಾಡಬೇಕಿತ್ತು ನಾನು?' ಅಂತ ಚೀರಾಡಿದೆ. ಹಡದಾಕಿ ಮುಂದ ಹಂಗ ಚೀರಬಾರದು, ಆದ್ರ ಚೀರಿದೆ.

ಅಮ್ಮಿ ಮೊರ ಕೆಳಗ ಇಟ್ಲು. ಆಕಿ ಹೇಳಿದ್ದು ದಖನಿಯಾಗ. ನನಗ ಬಂದಂಗ ಕನ್ನಡದಾಗ ಬರೀತೀನಿ.

'ನನ್ನನ್ನ ನೋಡಾಕ ಬಂದಾಗ ನಾನು ಹದಿನೇಳರಾಕಿ, ಗುರುಗುಂಟಾದಾಗ. ನರ್ಸ್ ಟ್ರೈನಿಂಗಿನ ಫಾರಂ ತರಿಸಿದ್ದೆ. ತುಂಬಿ, ಸಹಿ ಮಾಡಿ, ಹಾಸಿಗಿ ಕೆಳಗ ಇಟ್ಟಿದ್ದೆ. ನನ್ನನ್ನೂ ಕೇಳಿದ್ರು. ನಾನೂ ನಕ್ಕೊ ಅಂದೆ. ಕೇಳಿದಾಕಿ ನನ್ನ ಅಮ್ಮಾನ. ಆಕಿಗೆ ಕನ್ನಡಾನ ಬರ್ತಿದ್ದಿಲ್ಲ, ತಪ್ಪು ತಿಳಿಯಾಕ. ಹೊರಗ ಹೋಗಿ, "ಬಚ್ಚಿ ಶರಮಾರಿ" ಅಂದ್ಲು. ಹುಡುಗಿ ನಾಚಾಕತ್ಯಾಳ ಅಂತ.'

'ಅಬ್ಬಾ...'

'ನಿಮ್ಮ ಅಬ್ಬಾ ಕೆಟ್ಟವ್ರಲ್ಲ. ಒಂದಿನ ನನ್ನ ಮ್ಯಾಲ ಕೈ ಎತ್ತಿಲ್ಲ. ಅವರಿಗೆ ಯಾವತ್ತೂ ಈ ಮಾತು ಹೇಳಿಲ್ಲ, ಪಾಪ, ಅವರದೇನು ತಪ್ಪು.' ಮತ್ತ ಮೊರ ತೊಡಿ ಮ್ಯಾಲ ತಗೊಂಡ್ಲು. 'ನೀ ನಕ್ಕೊ ಅಂದಾಗ ನನ್ನ ಕೈಯಾಗಿನ ಛಾ ಚೆಲ್ಲಿತು. ನನ್ನ ಮಾತು ಯಾರಾದ್ರೂ ಕೇಳಿದ್ರ ಏನಾಕ್ಕಿತ್ತು ಅಂತ ನನಗ ಗೊತ್ತಿಲ್ಲ. ಗೊತ್ತಿಲ್ಲದ್ದಕ್ಕ ಅಂಜಿ ಸುಮ್ನಿದ್ದೆ. ನನ್ನ ಹಿಂದ ನಿನಗ ಯಾರದಾರ ಅಂತನೂ ಅಂಜಿದೆ.'

ಅಕ್ಕಿ ಹಸನ ಆಗೂತನಕ ಇಬ್ಬರೂ ಹಳ್ಳು ಆರಿಸಿದಿವಿ. ಆ ಅಕ್ಕ್ಯಾಗ ಹಳ್ಳು ಇದ್ದಿದ್ದು ಎರಡೋ ಮೂರೋ.

ಮರುದಿನ ಮುಂಜಾನೆ ನಾನು ಬುತ್ತಿ ಕಟ್ಟಿಕೊಂಡು ಹೊಂಟ್ರ, ಅಮ್ಮಿ ಬುರ್ಕಾ ಹಾಕ್ಕೊಂಡು ಬಾಗಿಲಾಗ ನಿಂತಿದ್ಲು. 'ಮಸ್ಕಿ ತನಕ ನಿನ್ನ ಕೂಡ ಬರ್ತೀನಿ' ಅಂದ್ಲು. ಅಮ್ಮಿ ಒಬ್ಬಾಕೀನ ಬಸ್ಸಿನ್ಯಾಗ ಎಲ್ಲಿಗೂ ಹೋದಾಕಿ ಅಲ್ಲ. ದವಾಖಾನಿಗೆ ಹೋದ್ರೂ 'ಎಲ್ಲಿ ನೋವೈತಿ' ಅನ್ನೂದನ್ನ ನಾನೇ ಹೇಳಬೇಕು. ಮಸ್ಕಿ ಬಂದಾಗ ನಾನೂ ಎದ್ದೆ. 'ನೀ ಕುಂದ್ರು. ನಿನಗ ಕಾಟಾಕ್ಕ ತಡಾ ಆಕೈತಿ. ಅಂಗಡಿ ಎದುರಿಗೇ ಐತಿ, ನನಗೇನು ಕಣ್ಣಿಲ್ಲೇನು?' ಅಂತ ಇಳದೇ ಬಿಟ್ಲು. ಬಸ್ ತಿರುಗುವಾಗ ನೋಡಿದೆ. ರೋಡ್ ದಾಟಾಕ ಅಂಜಿ ಒಂದು ದನದ ಬೆನ್ನ ಹಿಂದ ನಿಂತಿದ್ಲು. ದನ ದಾಟಿತು, ಆಕೀನೂ ದಾಟಿದ್ಲು.

ಆವತ್ತು ಕಾಟಾದಾಗ ಒಂದು ಚೀಟ್ಯಾಗ ತೂಕದ ಜಾಗಾಕ್ಕ ಲಾರಿ ನಂಬರ್ ಬರದೆ. ಆ ನಂಬರಿನಷ್ಟು ಭತ್ತ ಬಂದ್ರ ಮಿಲ್ಲಿನ್ಯಾಗ ಇಡಾಕ ಜಾಗಾ ಇರೂದಿಲ್ಲ. ಡ್ರೈವರ್ ತಾನೇ ನೋಡಿ, 'ಟೀಚರ್, ತಿದ್ದಕೊಳ್ರಿ' ಅಂದ. ಅಮ್ಮಿಗೆ ಮೂರು ಸಲ ಫೋನ್ ಮಾಡಿದೆ. ಆಕಿ ಫೋನ್ ಮನ್ಯಾಗ ಗಡಿಯಾರದ ಕೆಳಗ ಬಿಟ್ಟು ಬಂದಿದ್ಲಂತ, ಆಮ್ಯಾಲ ಗೊತ್ತಾತು.

ಸಂಜಿ ಬಸ್ಸು ಮಸ್ಕಿಗೆ ಬಂದಾಗ ಕಿಟಕಿಯಿಂದ ಅರ್ಧ ಹೊರಗ ಬಂದಿದ್ದೆ. ಅಮ್ಮಿ ಸ್ಟ್ಯಾಂಡಿನ್ಯಾಗ ಬೆಂಚಿನ ಮ್ಯಾಲ ಕುಂತಿದ್ಲು, ಕೈಯಾಗ ಮಿರ್ಚಿ ಭಜಿ ಪುಡಕಿ. ಬಂದು ನನ್ನ ಬಾಜೂಕ ಕುಂತ್ಲು, ಪುಡಕಿ ಬಿಚ್ಚಿ ನನಗ ಒಂದು ಕೊಟ್ಲು, ತಾನೊಂದು ತಗೊಂಡ್ಲು. ಮುಂಜಾನಿಂದ ನಾನು ಏನೂ ತಿಂದಿದ್ದಿಲ್ಲ. ಭಜಿ ಕೈಯಾಗ ಹಿಡಕೊಂಡ ಕೇಳಿದೆ.

'ಏನಂದಿ?'

'ನಕ್ಕೊ ಅಂದೆ' ಅಂದ್ಲು, ಬಸ್ಸಿಗೇ ಕೇಳೂವಂಗ.

ಮುಂದಿನ ಸೀಟಿನ ಹೆಣಮಗಳು ತಿರುಗಿ, 'ಯಾರಬೇ ನಕ್ಕವ್ರು?' ಅಂತ ಕೇಳಿದ್ಲು.

'ಯಾರೂ ನಕ್ಕಿಲ್ಲ ತಾಯಿ. ಅದನ್ನೇ ಹೇಳಾಕ ಇಷ್ಟು ದೂರ ಬರಬೇಕಾತು' ಅಂದ್ಲು ಅಮ್ಮಿ, ಕನ್ನಡದಾಗ.

ಅಂಗಡ್ಯಾಗೇ ಇದ್ದ ಆಪಾ ಮೊದ್ಲು ಕೇಳ್ಸಿಲ್ಲ ಅಂದ್ಲಂತ. ಮತ್ತೊಮ್ಮೆ ಅಂದ್ಲಂತ ಅಮ್ಮಿ. 'ಹುಡುಗಿ ನಕ್ಕಾಳ ಅಂತ ನಿಮ್ಮವ್ರೇ ಹೇಳಿದ್ರಲ್ಲ?' ಅಂತ ಆಪಾ ಸಿಟ್ಟಿಗೆದ್ದಾಗ, 'ಅವರು ಕನ್ನಡದಾಗ ಹೇಳಿದ್ರು. ನನ್ನ ಮಗಳು ದಖನಿಯಾಗ ಅಂದಿದ್ಲು' ಅಂತ ಉತ್ತರ ಕೊಟ್ಟಾಳ. ವರ ಎದ್ದು ಹೋಗಿ ಅಮ್ಮಿಗೆ ಒಂದು ಛಾ ತಂದು ಕೊಟ್ಟನಂತ, ಬಿಸ್ಕೀಟು ಇಲ್ಲದ. ಕಾಟಾದ ಕುರ್ಚಿ ನಾ ಬಿಡೂದಿಲ್ಲ ಅಂತ ನಾಳೆ ಸಾಹುಕಾರ್ರಿಗೆ ಹೇಳೇಬೇಕು ಅಂದ್ಕೊಂಡೆ.

'ಆಮ್ಯಾಲ ಹೊರಗ ಬಂದು ಮೆಟ್ಟಿಲಾಗ ನಿಂತು ಇನ್ನೊಮ್ಮೆ ಅಂದೆ' ಅಂದ್ಲು. 'ಒಟ್ಟು ಮೂರು ಸರ್ತಿ.'

ನನಗ ನಗು ಬಂತು, ಅಳೂನೂ ಬಂತು. 'ನಿಕಾಹ್‌ದಾಗ ಒಪ್ಪಿಗಿ ಅಂತ ಮೂರು ಸರ್ತಿ ಕಬೂಲ್ ಅನ್ನೂದು ಕೇಳೀನಿ. ನಕ್ಕೊ ಯಾಕ ಮೂರು?'

'ಮೊದಲನೇದು ನಿಂದು. ಎರಡನೇದು ಆಪಾಗ ಕೇಳ್ಸಲಿಲ್ಲ ಅಂತ.' ಭಜಿ ಮೆಣಸಿನಕಾಯಿ ಖಾರ ಇತ್ತೋ ಏನೋ, ಬುರ್ಕಾದ ಅಂಚಿಲೆ ಕಣ್ಣು ಒರಸಿಕೊಂಡ್ಲು.

'ಮೂರನೇದು?'

'ಅದು ನಂದು' ಅಂದ್ಲು ಅಮ್ಮಿ. 'ಗುರುಗುಂಟಾದ್ದು.'

ಕಂಡಕ್ಟರ್ ಬಂದು ಎಲ್ಲಿಗೆ ಅಂತ ಕೇಳಿದ. ನಾನು ಬಾಯಿ ತೆಗಿಯೂದ್ರಾಗ ಅಮ್ಮಿ ತಾನೇ ಅಂದ್ಲು, 'ಲಿಂಗಸುಗೂರು, ಎರಡು.'